ಹಾಲವ್ವನ ಹೃದಯ ಮುಟ್ಟಿದ ಬೆರಳು

ಡಾಕ್ಟರ್ ಚನ್ನಬಸಯ್ಯನವರ ಮೇಲೆ ಬಂಡೆಪ್ಪನಿಗೆ ಮೊದಲ ದಿನವೇನೂ ಹೊಟ್ಟೆಕಿಚ್ಚು ಇರಲಿಲ್ಲ. ಅವತ್ತು ಅವರ ಕಾಲು ಹಿಡಿಯುವುದೊಂದು ಬಾಕಿ ಇತ್ತು.

ಬೈಕುಲ್ಲಾದ ಚಾಳಿನ ಮೂರನೇ ಮಾಳಿಗೆಯಲ್ಲಿ ಅವನ ಒಂದೇ ಕೋಣೆಯ ಖೋಲಿ. ಮುಲುಂಡಿನ ಕಡೆ ಏಳುತ್ತಿದ್ದ ಹೊಸ ಬಿಲ್ಡಿಂಗುಗಳಲ್ಲಿ ಅವನು ಗಾರೆ ಕೆಲಸದ ಗೌಂಡಿ. ಹೆಂಡತಿ ಹಾಲವ್ವ ನೀರಿನ ಕೊಡ ಹೊತ್ತು ಮೇಲೆ ಬರುವಷ್ಟರಲ್ಲಿ ನಡುನಡುವೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಎಪ್ಪತ್ತೊಂದರ ಮಳೆಗಾಲದಲ್ಲಿ ಕೆಮ್ಮಿದಾಗ ರಕ್ತ ಬಿತ್ತು. ಚಾಳಿನವರೆಲ್ಲ ಕ್ಷಯ ಅಂದರು. ದೊಡ್ಡಾಸ್ಪತ್ರೆಯಲ್ಲಿ ಅವಳ ಎದೆಯ ಬಡಿತ ಕೇಳಿದ ಚನ್ನಬಸಯ್ಯನವರು ಮಾತ್ರ ಅಲ್ಲ ಎಂದರು. ಅವರು ಧಾರವಾಡದ ಕಡೆಯವರು. ಅವಳು “ಯವ್ವಾ” ಎಂದು ನರಳಿದ್ದು ಕೇಳಿ ಹಿಂದಿ ಬಿಟ್ಟು ಕನ್ನಡಕ್ಕೆ ಹೊರಳಿದ್ದರು.

“ಸಣ್ಣಾಕಿ ಇದ್ದಾಗ ಜ್ವರ ಬಂದು ಕೀಲು ಬಾತಿದ್ವೇನು, ತಂಗಿ?”

“ಹೌದ್ರಿ ಅಯ್ಯನೋರ. ಮಲಗಿದಾಕಿ ತಿಂಗಳಾನಗಟ್ಲೆ ಎದ್ದಿರಲಿಲ್ಲ.”

“ಆವಾಗನ ನಿನ್ನ ಹೃದಯ ಕೆಟ್ಟದ.” ಅವರು ತಮ್ಮ ಮುಷ್ಟಿಯನ್ನು ಬಂಡೆಪ್ಪನ ಮುಂದೆ ಹಿಡಿದರು. “ನೋಡಪಾ, ಹೃದಯ ಅಂದ್ರ ಇಷ್ಟು. ಒಳಗ ನಾಕು ಖೋಲಿ. ಮೈಯೆಲ್ಲಾ ತಿರುಗಿ ದಣದ ರಕ್ತ ಬಲಗಡೆ ಮ್ಯಾಲಿನ ಖೋಲಿಗೆ ಬರ್ತದ, ಕೆಳಗ ಇಳೀತದ, ಅಲ್ಲಿಂದ ಪುಪ್ಪಸಕ್ಕ, ಅಂದ್ರ ಉಸಿರಾಡೂ ಚೀಲಕ್ಕ, ಹೋಗಿ ಗಾಳಿ ಕೂಡಿ ಕೆಂಪಗಾಗಿ ಎಡಗಡೆ ಮ್ಯಾಲಿನ ಖೋಲಿಗೆ ಬರ್ತದ. ಅಲ್ಲೊಂದು ಬಾಗಲಾ. ಅದನ್ನ ದಾಟಿ ಕೆಳಗಿನ ಖೋಲಿಗೆ ಇಳದ್ರ, ಆ ಖೋಲಿ ಜೋರಾಗಿ ಅಮುಕಿ ಮೈತುಂಬ ಕಳಸ್ತದ. ಈಕಿ ಬಾಗಲದ ಎರಡೂ ಕದಾ ಒಂದಕ್ಕೊಂದು ಅಂಟಿ ಬರೇ ಸಂದಿ ಉಳದದ. ರಕ್ತ ಮುಂದ ಹೋಗವಲ್ದು, ಹಿಂದ ಪುಪ್ಪಸದಾಗ ತುಂಬಿ ನಿಂತದ. ಅದಕ್ಕ ದಮ್ಮು, ಅದಕ್ಕ ಕೆಮ್ಮಿನಾಗ ರಕ್ತ.”

“ಈಗೇನ್ ಮಾಡೂದ್ರಿ?”

“ಕದಾ ಬಿಡಸೂದು.”

ಹೇಗೆ ಎಂದು ಬಂಡೆಪ್ಪ ಕೇಳಲಿಲ್ಲ. ಆಪರೇಷನ್ ಆಯಿತು. ಎಡಮೊಲೆಯ ಕೆಳಗಿನಿಂದ ಬೆನ್ನಿನವರೆಗೆ ಹೊಲಿಗೆ ಹಾಕಿಸಿಕೊಂಡು ಹಾಲವ್ವ ಮನೆಗೆ ಬಂದಳು. ಚಾಳಿನ ಹೆಂಗಸರು ನೋಡಲು ಬಂದಾಗ ಅವಳೇ ಕಣ್ಣರಳಿಸಿ ಹೇಳಿದಳು: “ಹೃದಯ ಬಡಕೋತ ಇದ್ದಾಗ ಅಯ್ಯನೋರು ಬೆರಳು ಒಳಗ ಹಾಕಿದ್ರಂತ. ಬೆರಳಿಂದ ಕದಾ ಬಿಡಿಸಿದ್ರಂತ.”

ಪಕ್ಕದ ಖೋಲಿಯ ಅಖ್ತರಿ ಬಾಯಿಗೆ ಸೆರಗು ಹಿಡಿದಳು. “ಯಾ ಅಲ್ಲಾ! ಬಂಡೆಪ್ಪ ಭಾಯಿ, ನಿನ್ನ ಬೀವಿ ದಿಲ್ ಒಳಗ ನಿನಕಿಂತ ಮೊದಲ ಡಾಕ್ಟರ್ ಹೋಗಿ ಬಂದಾನಲ್ಲೋ!”

ಎಲ್ಲರೂ ನಕ್ಕರು. ಬಂಡೆಪ್ಪನೂ ನಕ್ಕ. ಆದರೆ ಆ ಮಾತು ಅವನಿಗೆ ಅರಗಲಿಲ್ಲ.

ಹಾಲವ್ವ ದಿನದಿಂದ ದಿನಕ್ಕೆ ಚೇತರಿಸಿಕೊಂಡಳು. ತುಂಬಿದ ಕೊಡ ಹೊತ್ತು ಒಂದೇ ಉಸಿರಿಗೆ ಮೇಲೆ ಬರತೊಡಗಿದಳು. ರೊಟ್ಟಿ ಬಡಿಯುತ್ತ ಹಾಡು ಗುನುಗಿದಳು. ಬಂಡೆಪ್ಪ ಇದನ್ನೇ ಬೇಡಿಕೊಂಡಿದ್ದ. ಈಗ ನೋಡಿದರೆ ಸಂಕಟವಾಗುತ್ತಿತ್ತು. ಆ ಉಸಿರೂ ಡಾಕ್ಟರು ಕೊಟ್ಟದ್ದು, ಆ ಹಾಡೂ ಅವರದು. ಸಾರು ಸಪ್ಪೆ ಅಂದರೆ “ಉಪ್ಪು ಕಡಿಮಿ ಮಾಡಂತ ಅಯ್ಯನೋರು ಹೇಳ್ಯಾರ್ರಿ” ಎನ್ನುವಳು. ಗೋಡೆಗೆ ಕಟ್ಟಿದ ಪರಾಂಚಿಯ ಹಲಗೆ ಮೇಲೆ ನಿಂತು ಇಟ್ಟಿಗೆ ಕೂರಿಸುತ್ತ ಅವನು ತನ್ನ ಬೆರಳು ನೋಡಿಕೊಳ್ಳುತ್ತಿದ್ದ. ಸಿಮೆಂಟು ತಿಂದು ಬಿರುಕು ಬಿಟ್ಟ ಬೆರಳು. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಬೆರಳು ಮುಟ್ಟದ ಜಾಗ ಅವಳಲ್ಲಿತ್ತು. ಅದನ್ನು ಇನ್ನೊಬ್ಬ ಮುಟ್ಟಿದ್ದ.

ಕೀಲುಜ್ವರ ಮತ್ತೆ ಬರಬಾರದೆಂದು ಮೂರು ವಾರಕ್ಕೊಮ್ಮೆ ಅದೇ ಡಾಕ್ಟರ ಹತ್ತಿರ ಇಂಜೆಕ್ಷನ್ ಇತ್ತು. ಆ ದಿನ ಹಾಲವ್ವ ಹಸಿರು ಸೀರೆ ಉಟ್ಟು ಹೂ ಮುಡಿಯುವಳು. ಬಂಡೆಪ್ಪ ಬಾಗಿಲಲ್ಲಿ ನಿಂತು ನೋಡುವನು. ಒಂದು ದಿನ ಅವನು ಹೇಳಿಬಿಟ್ಟ: “ಆ ಡಾಕ್ಟರ್ ವಿಲಾಯತಿಗೆ ಹೋದ್ನಂತ. ಇನ್ನ ಸೂಜಿ ಬ್ಯಾಡಂತ.”

“ಹೇಳದನ ಹೋದ್ರಾ?” ಹಾಲವ್ವನ ಮುಖ ಬಾಡಿತು. ಅದು ಬಾಡಿದ್ದೂ ಅವನಿಗೆ ಉರಿಯಿತು.

ಚಳಿ ಶುರುವಾದಾಗ ಅವಳಿಗೆ ಗಂಟಲು ನೋವು ಬಂತು. ಅದು ಕಡಿಮೆಯಾಯಿತು ಅನ್ನುವಾಗ ಸುಡುವ ಜ್ವರ. ಮೊಣಕಾಲು ಬಾತು ನೆಲಕ್ಕೆ ಊರಲಾಗಲಿಲ್ಲ. ಬಂಡೆಪ್ಪ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದು ಟ್ಯಾಕ್ಸಿ ಹತ್ತಿಸಿದ. ದಾರಿಯುದ್ದಕ್ಕೂ ಅವಳ ಬಾತ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ವಾರ್ಡಿನಲ್ಲಿ ಚನ್ನಬಸಯ್ಯನವರೇ ಎದುರಾದರು. ಹಾಲವ್ವ ಅವರನ್ನು ನೋಡಿದಳು, ಗಂಡನನ್ನು ನೋಡಿದಳು.

“ಸೂಜಿಗೆ ಯಾಕ ಬರಲಿಲ್ಲ ತಂಗಿ?”

“ಊರಿಗೆ ಹೋಗಿದ್ವಿರಿ,” ಎಂದಳು ಅವಳು.

“ಬುದ್ಧಿ ಐತೇನು ನಿನಗ? ಬಿಡಿಸಿದ ಕದಾ ಮತ್ತ ಅಂಟ್ಕೋತಾವ!” ಅವರು ಅವಳನ್ನು ಚೆನ್ನಾಗಿ ಬೈದರು. ಬೈಗುಳ ಮುಗಿಯುವತನಕ ಬಂಡೆಪ್ಪ ನೆಲ ನೋಡುತ್ತ ನಿಂತಿದ್ದ.

ಜ್ವರ ಇಳಿದ ಮೇಲೆ, ಒಂದು ಮಧ್ಯಾಹ್ನ ಅವನು ಮೋಸಂಬಿ ಸುಲಿಯುತ್ತಿದ್ದಾಗ ಹಾಲವ್ವ ಕೇಳಿದಳು: “ಯಾಕ ಸುಳ್ಳ ಹೇಳಿದ್ರಿ?”

“ಆತ ನಿನ್ನ ಹೃದಯದಾಗ ಬೆರಳ ಇಟ್ಟಾನ. ನನಗ ತಡಕೊಳ್ಳಾಕ ಆಗವಲ್ದು.”

ಅವನು ಕೊಟ್ಟ ತೊಳೆಯನ್ನು ಅವಳು ಪಕ್ಕಕ್ಕಿಟ್ಟಳು. “ಆವತ್ತ ನನಗ ಎಚ್ಚರನ ಇರಲಿಲ್ಲ. ಆ ಬೆರಳು ನನಗ ಗೊತ್ತಿಲ್ಲ. ನೀವು ಹೇಳಿದ ಸುಳ್ಳ ಎಚ್ಚರ ಇದ್ದಾಗ ಕೇಳೀನಿ. ನಾ ಸತ್ತಿದ್ರ ನಿಮಗ ಸಮಾಧಾನ ಆಗತಿತ್ತೇನು?”

ಬಂಡೆಪ್ಪ ಮಂಚದ ಸರಳು ಹಿಡಿದು ಅತ್ತ. ಅವಳು ಸಮಾಧಾನ ಮಾಡಲಿಲ್ಲ.

ಅದೃಷ್ಟಕ್ಕೆ ಕದ ಅಂಟಿರಲಿಲ್ಲ. ಮನೆಗೆ ಬಂದ ಮೇಲೆ ಹಾಲವ್ವ ಇಂಜೆಕ್ಷನ್ನಿಗೆ ಅಖ್ತರಿಯ ಜೊತೆ ಹೋಗತೊಡಗಿದಳು. “ನಾ ಬರಲೇನು?” ಎಂದರೆ “ಬ್ಯಾಡ್ರಿ” ಎನ್ನುವಳು. ಹೋಳಿ ಕಳೆದು ಅಖ್ತರಿ ಊರಿಗೆ ಹೋದಾಗಲೇ ಅವನನ್ನು ಕರೆದಳು.

ಅವನು ಹೊರಗೆ ಬೆಂಚಿನ ಮೇಲೆ ಕೂತ. ಒಳಗೆ ಡಾಕ್ಟರು ಏನೋ ಅಂದದ್ದು, ಹಾಲವ್ವ ನಕ್ಕದ್ದು ಕೇಳಿಸಿತು. ಎದ್ದು ಒಳಗೆ ಹೋಗಬೇಕೆನಿಸಿತು. ಬೆಂಚಿನ ಅಂಚು ಹಿಡಿದು ಕೂತೇ ಇದ್ದ.

ಹಾಲವ್ವ ಸೂಜಿಯ ನೋವಿಗೆ ಕುಂಟುತ್ತ ಬಂದಳು. ಅವನು ಕೈ ಚಾಚಿದ. ಅವಳು ಕ್ಷಣ ತಡೆದು ಹಿಡಿದುಕೊಂಡಳು. ಹಾಗೇ ಬಸ್ ಸ್ಟಾಪಿನವರೆಗೆ ನಡೆದರು. ಬಸ್ಸು ಕಾಣಿಸಿದಾಗ ಅವಳೇ ಕೇಳಿದಳು:

“ನಾಳಿ ರಜಾ ಐತಿ ಅಲ್ಲ? ಚೆಂಬೂರಿಗೆ ನಮ್ಮ ಅಕ್ಕನ ಮನೀಗೆ ಹೋಗಿ ಬರೂಣೇನ್ರಿ?”