ಬೇಡವೆಂದ ಅಂಕಗಳು

ಹೆಸರಿನ ಜೊತೆ ಒಂದು ಪದ ಸೇರಿಸಿಕೊಂಡದ್ದಕ್ಕೆ ಓರ್ನೆಲ್ಲಾ ಪಿರಾಸ್ ಕಂಪನಿಯ ಬಾಗಿಲಲ್ಲೇ ಕಳ್ಳಿಯಂತೆ ನಿಲ್ಲಬೇಕಾಯಿತು. ಅವಳ ಊರು ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ. ಅಲ್ಲಿ ಪದವಿ ಮುಗಿಸಿದ ಹೆಣ್ಣುಮಕ್ಕಳನ್ನೆಲ್ಲ ‘ದೊತ್ತೊರೆಸ್ಸಾ’, ಅಂದರೆ ಡಾಕ್ಟರಮ್ಮ, ಎಂದೇ ಕರೆಯುತ್ತಾರೆ. ಅವಳೂ ಅರ್ಜಿಯಲ್ಲಿ ಹಾಗೆಯೇ ಬರೆದಳು. ಆದರೆ ಅರ್ಜಿ ಹೋದದ್ದು ಆಸ್ಟ್ರಿಯಾದ ತಿರೋಲಿಗೆ, ರೋಪ್‌ವೇ ಕಟ್ಟುವ ಕಂಪನಿಗೆ. ಸತ್ತ ಮೇಲೆ ಗೋರಿಕಲ್ಲಿನ ಮೇಲೂ ಪದವಿ ಕೆತ್ತಿಸಿಕೊಳ್ಳುವ ಜನ ಅವರು. ಇಲ್ಲದ ಪದವಿ ಹಾಕಿಕೊಂಡವರನ್ನು ಅವರು ಜೇಬುಗಳ್ಳರ ಸಾಲಿಗೇ ಸೇರಿಸುತ್ತಾರೆ.

“ಇಲ್ಲಿ ಡಾಕ್ಟರ್ ಅಂತ ಇದೆ,” ಎಂದಳು ನೇಮಕಾತಿ ನೋಡಿಕೊಳ್ಳುವ ರೋಸ್ವಿತಾ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ. “ಡಾಕ್ಟರೇಟ್ ಎಲ್ರೀ?”

“ಡಾಕ್ಟರೇಟ್ ಮಾಡಿಲ್ಲ, ಫ್ರೌ ರೋಸ್ವಿತಾ,” ಎಂದಳು ಓರ್ನೆಲ್ಲಾ, ಅಲ್ಲಿಯವರ ‘ಶ್ರೀಮತಿ’ಯನ್ನು ಮರೆಯದೆ ಸೇರಿಸಿ.

“ಮತ್ತೆ ಯಾವ ಧೈರ್ಯದ ಮೇಲೆ ಬರ್ಕೊಂಡ್ರಿ?”

ಓರ್ನೆಲ್ಲಾ ಚೀಲದಿಂದ ವಿವರಣಾಪತ್ರ ತೆಗೆದಳು. ಯುರೋಪಿನ ವಿಶ್ವವಿದ್ಯಾಲಯಗಳು ಪದವಿಯ ಜೊತೆಗೇ ಕೊಡುವ ಕಾಗದ ಅದು. ಒಂದು ದೇಶದಲ್ಲಿ ಓದಿದ್ದು ಏನು, ಎಷ್ಟು ಎಂದು ಇನ್ನೊಂದು ದೇಶದ ಯಜಮಾನನಿಗೆ ತಿಳಿಹೇಳುವುದಷ್ಟೇ ಅದರ ಕೆಲಸ. ಪದವಿ ಪಡೆದವರೆಲ್ಲರಿಗೂ ಇಟಲಿಯಲ್ಲಿ ಆ ಗೌರವದ ಹೆಸರು ಸಲ್ಲುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ರೋಸ್ವಿತಾ ಆ ಸಾಲಿನ ಮೇಲೆ ಬೆರಳಿಟ್ಟು ಓದಿದಳು, ಆಮೇಲೆ ನಕ್ಕೇಬಿಟ್ಟಳು.

“ಹಾಗಾದ್ರೆ ನಿಮ್ಮೂರಲ್ಲಿ ಬೀದಿ ತುಂಬಾ ಡಾಕ್ಟರುಗಳೇ?”

“ಕಾಫಿ ಅಂಗಡಿಯವನಿಗಂತೂ ಕನ್ನಡಕ ಹಾಕ್ಕೊಂಡೋರೆಲ್ಲ ಡಾಕ್ಟರೇ. ನಿಮ್ಮನ್ನೂ ಬಿಡಲ್ಲ ಅವನು.”

ಒಂದು ಗಂಡಾಂತರ ಕಳೆಯಿತು. ಯಜಮಾನರ ಕೋಣೆಗೆ ಹೋಗುವ ದಾರಿಯಲ್ಲಿ ಕಿಟಕಿಯ ಪಕ್ಕ ಎಂಜಿನಿಯರುಗಳ ಮೇಜುಗಳು ಸಾಲಾಗಿದ್ದವು. ಕೊನೆಯ ಮೇಜು ಖಾಲಿ. ಅದರ ಎದುರಿಗೇ ಬೆಟ್ಟ, ಬೆಟ್ಟಕ್ಕೆ ಏರುವ ಉಕ್ಕಿನ ಹಗ್ಗ. ಓರ್ನೆಲ್ಲಾಗೆ ಬೇಕಿದ್ದದ್ದು ಆ ಮೇಜು. ಓದುವ ಕಾಲದಿಂದಲೂ ಹಗ್ಗದ ಲೆಕ್ಕವೆಂದರೆ ಅವಳಿಗೆ ಪ್ರಾಣ. ಊರಿನಲ್ಲಿ ಆ ಕೆಲಸ ಎಲ್ಲಿಂದ ಬರಬೇಕು? ಮೂರು ವರ್ಷದಿಂದ ಮಕ್ಕಳಿಗೆ ಗಣಿತದ ಮನೆಪಾಠ ಹೇಳಿಕೊಂಡು, ರಾತ್ರಿ ಜರ್ಮನ್ ಕಲಿತುಕೊಂಡು ಕಾಲ ತಳ್ಳಿದ್ದಳು. ವಯಸ್ಸು ಮೂವತ್ತು ದಾಟಿತ್ತು. ಹೊರಡುವಾಗ ತಾಯಿ ಹೇಳಿದ್ದೂ ಒಂದೇ ಮಾತು: “ಮಗಳೇ, ಅವರು ಏನು ಕೊಟ್ರೂ ತಗೊ. ನಿನ್ನ ‘ಬೇಡ’ ಅನ್ನೋ ಚಾಳೀನ ಇಲ್ಲೇ ಬಿಟ್ಟು ಹೋಗು.”

ಯಜಮಾನ ಆಲೋಯಿಸ್ ಕ್ರಾನೆಬಿಟ್ಟರ್ ಅರವತ್ತು ದಾಟಿದ ಮನುಷ್ಯ, ಕಡ್ಡಿ ತುಂಡಾದ ಹಾಗೆ ಮಾತು. ವಿವರಣಾಪತ್ರವನ್ನು ಹಿಂದಿನಿಂದ ಓದುವುದು ಅವನ ಅಭ್ಯಾಸ. ಕೊನೆಯ ಪುಟದಲ್ಲಿ ಆಯಾ ದೇಶದ ಓದಿನ ಮೆಟ್ಟಿಲುಗಳ ಚಿತ್ರ ಇರುತ್ತದೆ. ಬಂದವರು ಯಾವ ಮೆಟ್ಟಿಲಿನ ಮೇಲೆ ನಿಂತಿದ್ದಾರೆ ಎಂದು ಮೊದಲು ನೋಡಿಕೊಂಡು ಆಮೇಲೆ ಅಂಕಗಳಿಗೆ ಬರುತ್ತಾನೆ.

“ಮೆಟ್ಟಿಲು ಸರಿಯಾಗಿದೆ, ಫ್ರೌ ಡಾಕ್ಟರ್,” ಎಂದ. ಬಾಗಿಲಿನ ಸಂಗತಿ ಆಗಲೇ ಅವನ ಕಿವಿಗೂ ಬಿದ್ದಿತ್ತು. “ಮೂವತ್ತಕ್ಕೆ ಇಪ್ಪತ್ತೊಂಬತ್ತು, ಮೂವತ್ತು, ಇಪ್ಪತ್ತೊಂಬತ್ತು... ನಿಮ್ಮಲ್ಲಿ ಎಲ್ಲರಿಗೂ ಹಿಂಗೇ ಹಂಚ್ತಾರಾ?”

“ಪಕ್ಕದಲ್ಲಿ ಪಟ್ಟಿ ಇದೆ ನೋಡಿ. ನಮ್ಮ ವಿಭಾಗದಲ್ಲಿ ಎಷ್ಟು ಜನಕ್ಕೆ ಎಷ್ಟು ಬಂದಿದೆ ಅಂತ.”

ಅವನು ನೋಡಿದ. ಹುಬ್ಬು ಮೇಲೇರಿತು. ಓರ್ನೆಲ್ಲಾಗೆ ಉಸಿರು ಬಂತು. ಅಷ್ಟರಲ್ಲಿ ಅವನ ಬೆರಳು ತಾರೀಖುಗಳ ಸಾಲಿಗೆ ಜಾರಿತು.

“ಐದು ವರ್ಷದ ಓದು. ಎಂಟು ವರ್ಷ ಹಿಡಿದಿದೆ. ಎಷ್ಟು ಸಲ ಫೇಲಾದ್ರಿ?”

“ಒಂದ್ಸಲಾನೂ ಇಲ್ಲ.”

“ಮತ್ತೆ?”

“ನಮ್ಮಲ್ಲಿ ಪರೀಕ್ಷೆ ಮುಗಿದ ಕೂಡಲೆ ಮೇಷ್ಟ್ರು ಅಂಕ ಹೇಳಿ, ‘ಒಪ್ಪಿಗೆಯಾ?’ ಅಂತ ಕೇಳ್ತಾರೆ. ಬೇಡ ಅಂದ್ರೆ ಬರ್ಕೊಳ್ಳಲ್ಲ. ಮತ್ತೆ ಬಂದು ಕೂತ್ಕೋಬಹುದು. ನಾನು ಬಹಳ ಸಲ ಬೇಡ ಅಂದಿದೀನಿ.”

ಕ್ರಾನೆಬಿಟ್ಟರ್ ಕುರ್ಚಿಗೆ ಒರಗಿದ. “ಪಾಸಾದ ಅಂಕಾನ ಯಾರಾದ್ರೂ ಬೇಡ ಅಂತಾರೇನ್ರೀ? ಅದು ಇದರಲ್ಲಿ ಎಲ್ಲಿ ಬರೆದಿದೆ?”

“ಬರೆದಿಲ್ಲ. ಒಪ್ಕೊಂಡಿದ್ದು ಮಾತ್ರ ಅದರಲ್ಲಿ ಬರುತ್ತೆ.”

“ನಂಗೆ ಕಾಣೋದು ಕಾಗದ. ಕಾಗದ ಎಂಟು ವರ್ಷ ಅನ್ನುತ್ತೆ. ನಮ್ಮದು ಹಿಮ ಬೀಳೋದ್ರೊಳಗೆ ಹಗ್ಗ ಕಟ್ಟಿ ಮುಗಿಸೋ ಕೆಲಸ. ಹಿಮ ನಿಮ್ಮ ಮೇಷ್ಟ್ರ ಹಾಗೆ ಕಾಯಲ್ಲ.” ಅವನು ಕಾಗದ ಮಡಿಸಿದ. ಮನುಷ್ಯ ಒರಟನಾದರೂ ಕೆಟ್ಟವನಲ್ಲ, ಬಂದವಳನ್ನು ಬರಿಗೈಲಿ ಕಳಿಸಲು ಅವನಿಗೂ ಮನಸ್ಸಿಲ್ಲ. “ಕೆಳಗಡೆ ನಕ್ಷೆ ವಿಭಾಗದಲ್ಲಿ ಸಹಾಯಕರ ಜಾಗ ಇದೆ. ಎಂಜಿನಿಯರುಗಳು ಲೆಕ್ಕ ಕೊಡ್ತಾರೆ, ನೀವು ಗೆರೆ ಎಳೆದು ಕೊಡೋದು. ನಾಳೆಯಿಂದಲೇ ಬನ್ನಿ. ಮುಂದಿಂದು ಮುಂದೆ ನೋಡೋಣ.”

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲಸವೆಂದರೆ ಕೆಲಸ. ಫೋನಿನಲ್ಲಿ ತಾಯಿ ಅಳುತ್ತ ನಗುತ್ತ ಕಿರುಚುವುದು ಅವಳ ಕಿವಿಗೆ ಈಗಲೇ ಕೇಳಿಸಿದಂತಾಯಿತು. ಕಿಟಕಿ ಪಕ್ಕದ ಮೇಜಿಗೆ ನಿಧಾನವಾಗಿ ಮೇಲೆ ಬಂದರಾಯಿತು ಎಂದೂ ಅನ್ನಿಸಿತು. ಆದರೆ ನಕ್ಷೆಗೆ ಕೂತವರು ನಕ್ಷೆಯಲ್ಲೇ ಮುದುಕರಾಗುವುದು ಅವಳಿಗೆ ಗೊತ್ತಿರದ ವಿಷಯವೇನಲ್ಲ.

“ಬೇಡ,” ಎಂದಳು.

“ಏನು ಬೇಡ?”

“ಈ ಜಾಗ ಬೇಡ. ಎಂಜಿನಿಯರ್ ಜಾಗಕ್ಕೆ ಮತ್ತೆ ಯಾವಾಗ ಕರೀತೀರ ಹೇಳಿ, ಆವಾಗ ಬರ್ತೀನಿ. ಆಗ್ಲೂ ಇದನ್ನೇ ಕೊಟ್ರೆ ಇನ್ನೊಂದ್ಸಲ ಬರ್ತೀನಿ.”

ಅವಳು ಕಾಗದ ಎತ್ತಿಕೊಂಡು ಚೀಲ ಹೆಗಲಿಗೇರಿಸಿದಳು. ಹೊರಗಡೆ ಊಟದ ಗಂಟೆ ಹೊಡೆಯಿತು. ಒಬ್ಬರಿಗೊಬ್ಬರು ‘ಊಟ ಚೆನ್ನಾಗಾಗಲಿ’ ಎಂದುಕೊಳ್ಳುತ್ತ ಎಲ್ಲರೂ ಮೇಜು ಬಿಟ್ಟು ಎದ್ದರು. ಕ್ರಾನೆಬಿಟ್ಟರ್ ಮಾತ್ರ ಏಳಲಿಲ್ಲ. ಬೇಡ ಅನ್ನುವವರು ಎಲ್ಲಾದರೂ ಉಂಟೇ ಎಂದು ಈಗಷ್ಟೇ ಕೇಳಿದವನು ಅವನೇ.

“ನಿಲ್ಲಿ,” ಎಂದ. “ಹಗ್ಗದ ಲೆಕ್ಕದ ಪರೀಕ್ಷೆ. ಮೊದಲನೇ ಸಲ ಎಷ್ಟು ಬಂದಿತ್ತು?”

“ಇಪ್ಪತ್ತೈದು.”

“ಏನು ಕಮ್ಮಿಯಾಗಿತ್ತು ಅದಕ್ಕೆ?”

ಓರ್ನೆಲ್ಲಾ ಬಾಗಿಲ ಹಿಡಿ ಬಿಟ್ಟಳು. “ಎರಡು ಕಂಬದ ನಡುವೆ ಹಗ್ಗ, ಒಂದು ಎತ್ತರ, ಒಂದು ತಗ್ಗು. ಯಾವ ಕಡೆ ಎಳೆತ ಜಾಸ್ತಿ ಅಂತ ಕೇಳಿದ್ರು. ಎತ್ತರದ ಕಡೆ ಅಂದೆ. ಉತ್ತರ ಸರಿಯಾಗಿತ್ತು, ಅಂಕ ಕೊಟ್ರು. ಆದ್ರೆ ಯಾಕೆ ಅಂತ ನಂಗೇ ಗೊತ್ತಿರ್ಲಿಲ್ಲ, ಬಾಯಿಪಾಠ ಮಾಡಿದ್ದೆ. ಮೇಷ್ಟ್ರಿಗೆ ಅದು ಗೊತ್ತಾಗ್ಲಿಲ್ಲ. ನಂಗೆ ಗೊತ್ತಿತ್ತಲ್ಲ! ನಾನು ಹಾಕಿದ ಲೆಕ್ಕದ ಹಗ್ಗಕ್ಕೆ ಕ್ಯಾಬಿನ್ ಕಟ್ಟಿದ್ರೆ ಅದರಲ್ಲಿ ನಮ್ಮಮ್ಮನ್ನ ಕೂರಿಸ್ತಿದ್ನಾ ಅಂತ ಕೇಳ್ಕೊಂಡೆ. ಕೂರಿಸ್ತಿರ್ಲಿಲ್ಲ. ಅದಕ್ಕೇ ಬೇಡ ಅಂದೆ.”

ಕ್ರಾನೆಬಿಟ್ಟರ್ ಎದ್ದು ಕಪಾಟಿನಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದ. ಪಕ್ಕದ ಕಣಿವೆಯ ಹೊಸ ಕೆಲಸ. “ಇದರಲ್ಲಿ ನಡುವಿನ ಹಗ್ಗ. ಗಾಳಿ ಬೀಸುವಾಗ ಎಳೆತ ಎಷ್ಟು? ಲೆಕ್ಕ ಹಾಕಿ. ಈಗ.”

ಅವಳು ಕೂತಳು. ಯಜಮಾನ ಊಟಕ್ಕೆ ಹೋಗಲಿಲ್ಲ, ಎದುರಿಗೇ ಕೂತು ಕಾದ. ರೋಸ್ವಿತಾ ಎರಡು ಬಟ್ಟಲು ಕಡುಬಿನ ಸಾರು ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಒಮ್ಮೆ ಓರ್ನೆಲ್ಲಾ ತುಂಬಿದ ಹಾಳೆಗೆ ಅಡ್ಡ ಗೀಟು ಎಳೆದು ಹೊಸ ಹಾಳೆ ತೆಗೆದುಕೊಂಡಳು. ಕ್ರಾನೆಬಿಟ್ಟರ್ ಗಡಿಯಾರದ ಕಡೆ ನೋಡಿದ, ಹಾಗೇ ಕೂತ. ಮುಗಿದ ಮೇಲೆ ಹಾಳೆಗಳನ್ನು ಎಳೆದುಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದ. ಈ ಸಲ ಹಿಂದಿನಿಂದ ಓದಲಿಲ್ಲ.

“ಗೀಟು ಹಾಕಿದ್ದು ಯಾಕೆ?”

“ಗಾಳಿನ ಒಂದೇ ಕಡೆಯಿಂದ ತಗೊಂಡಿದ್ದೆ. ಈ ಕಣಿವೇಲಿ ತಿರುಗುತ್ತೆ ಅನ್ನಿಸ್ತು.”

“ತಿರುಗುತ್ತೆ,” ಎಂದ ಅವನು. ಹಾಳೆಗಳನ್ನು ಜೋಡಿಸಿ ನಕ್ಷೆಯ ಜೊತೆಗೇ ಇಟ್ಟ. “ಕಿಟಕಿ ಹತ್ರದ ಮೇಜು, ಎಂಜಿನಿಯರ್ ಸಂಬಳ, ಸೋಮವಾರದಿಂದ.” ಸ್ವಲ್ಪ ತಡೆದು, ಕತ್ತು ಓರೆ ಮಾಡಿ ಅವಳ ಮೇಷ್ಟ್ರ ಮಾತಿನಲ್ಲೇ ಕೇಳಿದ:

“ಒಪ್ಪಿಗೆಯಾ?”

ಓರ್ನೆಲ್ಲಾ ಹಾಳೆಗಳನ್ನು ತನ್ನ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ಪೂರ್ತಿ ನೋಡಿದಳು. ಅವನು ಕಾದ.

“ಒಪ್ಪಿಗೆ,” ಎಂದು ತಣ್ಣಗಾದ ಸಾರಿಗೆ ಕೈ ಚಾಚಿದಳು.