ನಾಲ್ಕು ತಾಲ್ಲೂಕಿನ ಸಮ್ಮೇಳನಾಧ್ಯಕ್ಷ

ಕ್ಯಾತನಹಳ್ಳಿಯ ದೇವರಾಜು ಮೈಸೂರಿನ ಒಂದು ಅಚ್ಚುಕೂಟದಲ್ಲಿ ಬಹಳ ವರ್ಷ ಕರಡು ತಿದ್ದುವ ಕೆಲಸ ಮಾಡಿದ. ಅಚ್ಚುಕೂಟದವರು ಪುಸ್ತಕ ಬಿಟ್ಟು ಲಗ್ನಪತ್ರಿಕೆಗೆ ಹೊರಳಿಕೊಂಡ ಮೇಲೆ ಅವನಿಗೆ ತಿದ್ದುವುದಕ್ಕೆ ವಧೂವರರ ಹೆಸರಷ್ಟೇ ಉಳಿಯಿತು. ೧೯೯೩ರಲ್ಲಿ ಅವನು ಹೆಂಡತಿ ಅಂಬಿಕಳೊಂದಿಗೆ ಊರಿಗೆ ಮರಳಿ, ಕಬ್ಬಿನ ಗದ್ದೆಯನ್ನು ಅಣ್ಣನಿಗೇ ಬಿಟ್ಟುಕೊಟ್ಟು, ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ‘ಕುಂತಿಬೆಟ್ಟ ಪುಸ್ತಕ ಮಳಿಗೆ’ ತೆರೆದ.

“ಗೊಬ್ಬರದ ಅಂಗ್ಡಿ ಇಟ್ರೆ ನಾಕು ಜನ ಬತ್ತಾರೆ. ಪುಸ್ತಕಕ್ಕೆ ಯಾರ್ಲಾ ಬತ್ತಾರೆ?” ಎಂದಳು ತಾಯಿ ದ್ಯಾವಮ್ಮ.

ಜನ ಬಂದರು. ಆದರೆ ಬಂದವರೆಲ್ಲ ಲೇಖಕರು.

ಮೊದಲು ಬಂದವರು ಪಾಂಡವಪುರದವರೇ ಆದ ಚೌಡಯ್ಯ ಮೇಷ್ಟ್ರು. ಕನ್ನಡ ಪಾಠ ಹೇಳಿ ನಿವೃತ್ತರಾದವರು, ಚುಟುಕು ಕವಿ. ಅಂಗಡಿಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿ, “ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ” ಎಂದು ಹರಸಿ, ಚೀಲದಿಂದ ತಮ್ಮದೇ ಪುಸ್ತಕಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮರುದಿನ ಕೆ.ಆರ್. ಪೇಟೆ ಕಡೆಯ ಶೀಳನೆರೆಯಿಂದ ಮುದ್ದಯ್ಯ ಬಂದ. ಅವನು ಮೋರಿ ಕಟ್ಟಿಸುವ ಕಂಟ್ರಾಕ್ಟರು. ತನ್ನ ವಂಶದ ಮೇಲೆ ತಾನೇ ಷಟ್ಪದಿಯಲ್ಲಿ ಒಂದು ಮಹಾಕಾವ್ಯ ಬರೆದಿದ್ದ. ಗಾಳಿಗೆ ಬಾಗಿಲು ಹೊಡೆದುಕೊಳ್ಳದಂತೆ ಅಡ್ಡ ಇಡಬಹುದಾದಷ್ಟು ದಪ್ಪನೆಯ ಗ್ರಂಥ. ಆಮೇಲೆ ಶ್ರೀರಂಗಪಟ್ಟಣದ ಶಿವಣ್ಣ ಬಂದ, ಐತಿಹಾಸಿಕ ಕಾದಂಬರಿಕಾರ. ಅವನ ಯಾವ ಕಾದಂಬರಿ ತೆರೆದರೂ ಯಾರಾದರೊಬ್ಬರು ಕೋಟೆಯ ಮೇಲಿಂದ ಕಾವೇರಿಗೆ ಹಾರುತ್ತಿದ್ದರು.

ಕೊನೆಗೆ ಬಂದವಳು ನಾಗಮಂಗಲದ ಶಾಲೆಯೊಂದರ ಟೀಚರು ಮಾಯಮ್ಮ. ಒಂದೇ ಒಂದು ತೆಳ್ಳನೆಯ ಕಥಾಸಂಕಲನ ಬರೆದಿದ್ದಳು. “ಇದ್ನ ಮುಂದ್ಗಡೆ ಇಡಿ. ಹಿಂದಿಟ್ರೆ ನಂಗೆ ಗೊತ್ತಾಯ್ತದೆ” ಎಂದು ಹೇಳಿ ಹೋದಳು. ಹೇಳಿದಂತೆಯೇ ಆಗಾಗ್ಗೆ ಬಸ್ಸಿಳಿದು ಬಂದು, ತನ್ನ ಪುಸ್ತಕ ಎಲ್ಲಿದೆಯೆಂದು ನೋಡಿ, ಅದನ್ನು ಮರೆಮಾಡಿದ್ದ ಬೇರೆ ಪುಸ್ತಕವನ್ನು ಪಕ್ಕಕ್ಕೆ ತಳ್ಳಿ, ಮುಂದಿನ ಬಸ್ಸಿಗೆ ಹೋಗುತ್ತಿದ್ದಳು. ದೇವರಾಜನಿಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ.

ಈ ಲೇಖಕರೇ ಸೇರಿ ‘ನಾಲ್ಕು ತಾಲ್ಲೂಕು ಬರಹಗಾರರ ಬಳಗ’ ಕಟ್ಟಿಕೊಂಡರು. ಬಳಗದ ಕಚೇರಿ ದೇವರಾಜನ ಅಂಗಡಿಯ ಬೆಂಚು. ಶನಿವಾರ ಬಂತೆಂದರೆ ಗಂಡಸರು ಸಾಲಾಗಿ ಕುಳಿತು, ಕಾಲು ಚಾಚಿ, ದೇವರಾಜ ತರಿಸಿದ ಕಾಫಿ ಕುಡಿಯುತ್ತ ಸಾಹಿತ್ಯದ ಅವನತಿಯನ್ನು ಚರ್ಚಿಸುತ್ತಿದ್ದರು. ಎದುರಿಗಿದ್ದವನನ್ನು ಹೊಗಳುವುದು, ಅವನು ಬಸ್ಸು ಹತ್ತಿದ ಮೇಲೆ ನಿಜ ಹೇಳುವುದು ಅಲ್ಲಿನ ಪದ್ಧತಿ. ಹೊಸ ಪುಸ್ತಕ ಕೈಗೆ ಬಂದರೆ ಎಲ್ಲರೂ ನೇರವಾಗಿ ಕೃತಜ್ಞತೆಯ ಪುಟ ತೆರೆದು, ತಮ್ಮ ಹೆಸರು ಇದೆಯೇ ನೋಡಿ, ಇಲ್ಲವಾದರೆ ಮುಚ್ಚುತ್ತಿದ್ದರು. ಇದ್ದರೂ ಮುಚ್ಚುತ್ತಿದ್ದರು. ಕೊಂಡವರು ಮಾತ್ರ ಯಾರೂ ಇಲ್ಲ.

ಮಧ್ಯಾಹ್ನ ಅಂಗಡಿ ನೋಡಿಕೊಳ್ಳುತ್ತಿದ್ದ ಅಂಬಿಕ ಇನ್ನೊಂದನ್ನು ಗಮನಿಸಿದ್ದಳು. “ಕಾಲೇಜು ಹುಡ್ಗೀರು ಬಾಗ್ಲುಗಂಟ ಬತ್ತಾರೆ, ಈ ಕಾಲ್ಗಳ ಸಾಲು ನೋಡ್ಬುಟ್ಟು ವಾಪಸ್ ಓಯ್ತಾರೆ” ಎಂದಳು ಗಂಡನಿಗೆ.

“ಸಾಹಿತಿಗಳ್ನ ಎದ್ದೋಗಿ ಅನ್ನಕ್ಕಾಯ್ತದಾ?” ಎಂದ ದೇವರಾಜ.

೧೯೯೬ರಲ್ಲಿ ಬಳಗದವರು ನಾಲ್ಕು ತಾಲ್ಲೂಕಿನ ಸಾಹಿತ್ಯ ಸಮ್ಮೇಳನ ಮಾಡಬೇಕೆಂದು ತೀರ್ಮಾನಿಸಿದರು. ಊಟಕ್ಕೆ ಏನೆಂಬುದು ಬೇಗ ನಿರ್ಧಾರವಾಯಿತು. ಅಧ್ಯಕ್ಷರು ಯಾರೆಂಬುದು ಆಗಲಿಲ್ಲ.

“ಅಧ್ಯಕ್ಷರು ಅಂದ್ಮೇಲೆ ವಯಸ್ಸಾಗಿರ್ಬೇಕು” ಎಂದರು ಎಲ್ಲರಿಗಿಂತ ಹಿರಿಯರಾದ ಚೌಡಯ್ಯ.

“ವಯಸ್ಸು ಎಮ್ಮೆಗೂ ಆಯ್ತದೆ. ಕೃತಿ ದಪ್ಪ ಇರ್ಬೇಕು” ಎಂದ ಮುದ್ದಯ್ಯ.

“ದಪ್ಪ ಕಟ್ಕಂಡು ಏನ್ಮಾಡೀಯೆ? ಎಷ್ಟು ಬರ್ದವ್ನೆ ಅನ್ನೋದು ಮುಖ್ಯ” ಎಂದ ಶಿವಣ್ಣ. ಸಂಖ್ಯೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಆ ದಿನ ಬಂದಿದ್ದ ಮಾಯಮ್ಮ ಬಾಗಿಲಲ್ಲೇ ನಿಂತು, “ನಾಗಮಂಗಲಕ್ಕೆ ಏನೂ ಇಲ್ವಾ?” ಎಂದು ಕೇಳಿದಳು.

“ನೀವು ಸ್ವಾಗತಗೀತೆ ನೋಡ್ಕಳಿ ಮೇಡಂ” ಎಂದ ಮುದ್ದಯ್ಯ.

“ನಂಗೆ ಹಾಡಕ್ಕೆ ಬರಲ್ಲ.”

“ಪರವಾಗಿಲ್ಲ ಬುಡಿ, ಸ್ವಾಗತಗೀತೆ ಯಾರೂ ಕೇಳಲ್ಲ” ಎಂದರು ಚೌಡಯ್ಯ. ಮಾಯಮ್ಮ ಒಳಬಂದು ತನ್ನ ಪುಸ್ತಕವನ್ನು ಮುಂದಕ್ಕೆಳೆದಿಟ್ಟು ಹೊರಟುಹೋದಳು.

ಶನಿವಾರಗಳು ಜಗಳದಲ್ಲೇ ಕಳೆದವು. ಕಡೆಗೆ ಬೇಸತ್ತ ಮುದ್ದಯ್ಯನಿಗೆ ಕಾಫಿ ಲೋಟ ಹಿಡಿದು ಬರುತ್ತಿದ್ದ ದೇವರಾಜ ಕಣ್ಣಿಗೆ ಬಿದ್ದ. “ಇವ್ನೇ ಆಗ್ಲಿ ಬುಡ್ರಯ್ಯ. ಇದುವರ್ಗೂ ಒಂದು ಸಾಲೂ ಬರ್ದಿಲ್ಲ. ಯಾರ್ಗೂ ತೊಂದ್ರೆ ಇಲ್ಲ.”

ಎಲ್ಲರ ಮುಖ ಅರಳಿತು. ತಾನು ಆಗದಿದ್ದರೂ ಚಿಂತೆಯಿಲ್ಲ, ಮಿಕ್ಕವರು ಯಾರೂ ಆಗಲಿಲ್ಲವಲ್ಲ. ದೇವರಾಜ ಬೇಡವೆಂದದ್ದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಅಂದಿನಿಂದ ಬೆಂಚಿನವರು ಒಬ್ಬೊಬ್ಬರೇ ಬರಲು ಶುರುಮಾಡಿದರು. ಚೌಡಯ್ಯನವರು ಒಂದು ಬೆಳಿಗ್ಗೆ ಬಂದು, “ನೀನು ಪಾಪ ಭಾಷಣ ಮಾಡ್ದೋನಲ್ಲ. ಅದಕ್ಕೇ ನಾನೇ ಬರ್ಕಂಡ್ ಬಂದಿವ್ನಿ” ಎಂದು ಕಾಗದದ ಸುರುಳಿ ಕೊಟ್ಟರು. ಕನ್ನಡದ ಚುಟುಕಿಗೆ ಚೌಡಯ್ಯನವರೇ ಆಧಾರಸ್ತಂಭ ಎಂದು ಅದರಲ್ಲಿತ್ತು. ಮುದ್ದಯ್ಯ ಕೊಟ್ಟ ಭಾಷಣದಲ್ಲಿ ಅವನೇ ನಮ್ಮ ಕಾಲದ ಮಹಾಕವಿ. ಶಿವಣ್ಣ ಕೊಟ್ಟದ್ದರಲ್ಲಿ ಚರಿತ್ರೆಯೇ ಶಿವಣ್ಣನಿಗೆ ಋಣಿಯಾಗಿತ್ತು.

ಮನೆಯಲ್ಲಿ ದೇವರಾಜ ಭಾಷಣಗಳನ್ನು ಹರಡಿಕೊಂಡು ತಲೆಯ ಮೇಲೆ ಕೈಯಿಟ್ಟು ಕುಳಿತ. ಯಾವುದನ್ನು ಓದಿದರೂ ಮಿಕ್ಕ ಇಬ್ಬರು ಬಿಡುವುದಿಲ್ಲ. ಅಂಬಿಕ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ, “ನಿಂಗೇನನ್ನಿಸ್ತದೋ ಅದ್ನ ಯೋಳು” ಎಂದಳು.

“ನನ್ನ ಯಾರು ಕೇಳ್ದೋರು?”

“ಅಧ್ಯಕ್ಷರು ಮಾಡವ್ರಲ್ಲ.”

ಸಮ್ಮೇಳನದ ದಿನ ಅವನಿಗೆ ದೊಡ್ಡದಾದ ಪೇಟ ಸುತ್ತಿ, ಕಬ್ಬಿನ ಜಲ್ಲೆ ಕಟ್ಟಿದ ಟ್ರಾಕ್ಟರಿನಲ್ಲಿ ಕೂರಿಸಿ ಮೆರವಣಿಗೆ ತೆಗೆದರು. ರಸ್ತೆಬದಿಯಲ್ಲಿ ನಿಂತವರು ಯಾರೋ ಎಲೆಕ್ಷನ್ ಗೆದ್ದಿದ್ದಾರೆಂದುಕೊಂಡರು. ಕಲ್ಯಾಣ ಮಂಟಪದಲ್ಲಿ ಮುಂದಿನ ಸಾಲುಗಳ ತುಂಬ ಬರಹಗಾರರು, ಹಿಂದೆ ಅವರವರ ಮನೆಯ ಹೆಂಗಸರು, ಶಾಲೆ ಮಕ್ಕಳು. ಮಾಯಮ್ಮ ಸ್ವಾಗತಗೀತೆಯನ್ನು ಬೇಕೆಂದೇ ಕೆಟ್ಟದಾಗಿ ಹಾಡಿ, ಹೋಗಿ ಹೆಂಗಸರ ನಡುವೆ ಕುಳಿತಳು.

ದೇವರಾಜ ಎದ್ದು ನಿಂತ. ಮೂವರ ಕಣ್ಣೂ ಅವನ ಕೈಯಲ್ಲಿ ಯಾವ ಕಾಗದವಿದೆ ಎಂಬುದರ ಮೇಲೇ ಇತ್ತು. ಯಾವುದೂ ಇರಲಿಲ್ಲ.

“ನನ್ನಂಗ್ಡೀಲಿ ನಿಮ್ಮೆಲ್ಲರ ಪುಸ್ತಕನೂ ಅವೆ” ಎಂದು ಶುರುಮಾಡಿದ. “ವ್ಯಾಪಾರ ಇಲ್ದೇ ಇದ್ದುದ್ರಿಂದ ಎಲ್ಲಾನೂ ಓದಿವ್ನಿ. ಅದ್ರಾಗೆ ಮಾಯಮ್ಮೋರ ಪುಸ್ತಕ ಮುಗ್ದಾಗ, ಇನ್ನೊಂಚೂರು ಇರ್ಬೇಕಿತ್ತಲ್ಲ ಅನ್ನಿಸ್ತು. ಮಿಕ್ಕಿದ್ದು ಮುಗ್ದಾಗ ಅಂಗನ್ನಿಸ್ಲಿಲ್ಲ.”

ಮುಂದಿನ ಸಾಲಿನಲ್ಲಿ ಬೀಸಣಿಗೆಗಳು ನಿಂತವು. ದೇವರಾಜನಿಗೆ ಅದು ತಿಳಿಯಲಿಲ್ಲ. ಅವಳ ಕಥೆಯೊಂದನ್ನು ಹೇಳತೊಡಗಿದ. ಹುಟ್ಟಿದಾಗಿನಿಂದ ಕಿಟಕಿ ಪಕ್ಕದ ಸೀಟು ಸಿಗದ ಹುಡುಗಿಯೊಬ್ಬಳಿಗೆ ಮದುವೆಯಾದ ದಿನ ಬಸ್ಸಿನಲ್ಲಿ ಅದು ಸಿಗುತ್ತದೆ. ಗಂಡನ ಊರು ಬಂದರೂ ಅವಳು ಇಳಿಯುವುದಿಲ್ಲ. ಬೀಗರು, ಕಂಡಕ್ಟರು, ಪುರೋಹಿತರು ಎಲ್ಲರೂ ಬೇಡಿಕೊಳ್ಳುತ್ತಾರೆ. ಹಿಂದಿನ ಸಾಲುಗಳಲ್ಲಿ ಹೆಂಗಸರು ಸೆರಗು ಬಾಯಿಗೊತ್ತಿ ನಗತೊಡಗಿದರು. ಆಮೇಲೆ ಸೆರಗು ತೆಗೆದೇ ನಕ್ಕರು.

“ಕೊನೆಗೆ ಇಳಿದ್ಲಾ?” ಎಂದು ಯಾರೋ ಕೂಗಿ ಕೇಳಿದರು.

“ಅದ್ನ ಪುಸ್ತಕದಲ್ಲೇ ಓದಿ” ಎಂದು ಹೇಳಿ ದೇವರಾಜ ಕುಳಿತುಬಿಟ್ಟ.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಬಳಗ ಬಂದು ನಿಂತಿತ್ತು.

“ನಮ್ ಪುಸ್ತಕ ನಮಗ್ ಕೊಟ್ಬುಡು” ಎಂದರು ಚೌಡಯ್ಯ. “ರುಚಿ ಇಲ್ದೋನ ಅಂಗ್ಡೀಲಿ ಅವು ಇರೋದು ಬ್ಯಾಡ.”

ಮುದ್ದಯ್ಯ ಮಹಾಕಾವ್ಯಕ್ಕೆಂದು ಟ್ರಾಕ್ಟರನ್ನೇ ತಂದಿದ್ದ. ಹೊತ್ತು ಹಾಕುವುದು ಮುಗಿಯುವ ವೇಳೆಗೆ ಅಂಗಡಿ ಅರ್ಧ ಖಾಲಿಯಾಗಿತ್ತು. ದೇವರಾಜನ ಕಣ್ಣು ತುಂಬಿತು. ಅವರ ಕಾವ್ಯದ ಮೇಲಲ್ಲದಿದ್ದರೂ ಅವರ ಮೇಲೆ ಅವನಿಗೆ ನಿಜವಾಗಿ ಪ್ರೀತಿಯಿತ್ತು. ಅಂಬಿಕ ಮಾತ್ರ ಪೊರಕೆ ತಂದು ಗುಡಿಸಿದಳು, ಬೆಂಚಿನ ಮೇಲೆ ಮಕ್ಕಳ ಪುಸ್ತಕ ಜೋಡಿಸಿದಳು.

ಬಳಗ ಎದುರಿನ ಕಾಫಿ ಹೋಟೆಲಿಗೆ ವರ್ಗವಾಯಿತು. ಕುಂತಿಬೆಟ್ಟ ಪುಸ್ತಕ ಮಳಿಗೆ ಮುಚ್ಚಿಹೋಗುವುದನ್ನು ಕಣ್ಣಾರೆ ನೋಡಬೇಕೆಂದು ಅವರು ಬಾಗಿಲ ಕಡೆಗೇ ಮುಖಮಾಡಿ ಕೂರುತ್ತಿದ್ದರು. ಮೊದಲ ವಾರ ಕಾಲೇಜಿನ ಹುಡುಗಿಯರು ಬಂದರು. ಆಮೇಲೆ ಅಂಗನವಾಡಿಯವರು, ಡೇರಿಗೆ ಹಾಲು ಹಾಕಿ ಬಂದವರು, ಸಂತೆಗೆಂದು ಮೇಲುಕೋಟೆ ಬಸ್ಸಿಳಿದವರು. ಬಸ್ಸಿನ ಹುಡುಗಿ ಕೊನೆಗೆ ಇಳಿದಳೋ ಇಲ್ಲವೋ ಎಂದು ತಿಳಿಯುವುದು ಎಲ್ಲರಿಗೂ ಬೇಕಿತ್ತು. ಅದಕ್ಕೆಂದು ಬಂದವರು ಇನ್ನೊಂದನ್ನೂ ಒಯ್ದರು. ಓದಿದವರು ಅಂಗಡಿಯಲ್ಲೇ ನಿಂತು, ಅವಳು ಮಾಡಿದ್ದು ಸರಿಯೇ ತಪ್ಪೇ ಎಂದು ವಾದಿಸತೊಡಗಿದರು.

ಒಂದು ಶನಿವಾರ ಮುದ್ದಯ್ಯ ಕಾಫಿ ಲೋಟ ಕೆಳಗಿಟ್ಟು, “ಮೇಷ್ಟ್ರೇ, ಅದು ನಿಮ್ಮನೆಯೋರಲ್ವಾ?” ಎಂದ.

ಚೌಡಯ್ಯನವರ ಹೆಂಡತಿ ಯಶೋದಮ್ಮ ಅಂಗಡಿಯೊಳಗೆ ಹೋಗುತ್ತಿದ್ದಳು. ಚೌಡಯ್ಯ ನೋಡಿಯೂ ನೋಡದವರಂತೆ ಪೇಪರು ಬಿಡಿಸಿದರು. ಆದರೆ ಮನೆಗೆ ಹೋದವರೇ, “ಅಲ್ಲಿಗ್ಯಾಕೆ ಓಗಿದ್ದೆ?” ಎಂದು ಕೇಳಿದರು.

“ಓದಕ್ಕೆ.”

“ನನ್ ಪುಸ್ತಕ ಮನೇಲೇ ಅಟ್ಟದ ತುಂಬ ಅವಲ್ಲ.”

“ಅವು ಎಲ್ಲೋಗ್ತವೆ ಬುಡಿ” ಎಂದು ಯಶೋದಮ್ಮ ಪುಟ ತಿರುವಿದಳು.

ಅವಳು ನೀರು ಸೇದಲು ಎದ್ದಾಗ ಚೌಡಯ್ಯ ಆ ಪುಸ್ತಕ ಕೈಗೆತ್ತಿಕೊಂಡರು. ಅಭ್ಯಾಸಬಲದಿಂದ ಕೃತಜ್ಞತೆಯ ಪುಟ ಹುಡುಕಿದರು; ಮಾಯಮ್ಮ ಯಾರಿಗೂ ಕೃತಜ್ಞಳಾಗಿರಲಿಲ್ಲ. ಬೇರೆ ದಾರಿಯಿಲ್ಲದೆ ಕಥೆಯನ್ನೇ ಓದಿದರು. ಊಟಕ್ಕೆ ಕರೆದರೂ ಏಳಲಿಲ್ಲ.

ಮುಂದಿನ ವರ್ಷದ ಸಮ್ಮೇಳನಕ್ಕೆ ಮಾಯಮ್ಮನ ಹೆಸರನ್ನು ಸೂಚಿಸಿದವರು ಚೌಡಯ್ಯನವರೇ. ಬಳಗ ಒಂದಿಷ್ಟು ಗೊಣಗಿ ಒಪ್ಪಿತು. ಅಧ್ಯಕ್ಷೆಯ ಭಾಷಣವನ್ನು ಮಾಯಮ್ಮ ತಾನೇ ಬರೆದುಕೊಂಡು ಬಂದಳು. ತನ್ನನ್ನು ಬಿಟ್ಟು ಬೇರೆ ಯಾರನ್ನೂ ಹೊಗಳಲಿಲ್ಲ. ಯಾರಿಗೂ ಬೇಸರವಾಗಲಿಲ್ಲ. ಅಧ್ಯಕ್ಷ ಭಾಷಣವೆಂದರೆ ಹೀಗಿರಬೇಕು ಎಂದು ಮುದ್ದಯ್ಯ ಎದ್ದು ನಿಂತು ಚಪ್ಪಾಳೆ ತಟ್ಟಿದನಂತೆ.

ದೇವರಾಜನಿಗೂ ಆಹ್ವಾನ ಬಂದಿತ್ತು. ಸಮ್ಮೇಳನದ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಯಿಂದಲೇ ಹೊರಟಿದ್ದ. ಅಷ್ಟರಲ್ಲಿ ಅಂಗಡಿಯ ಮುಂದೆ ಹೆಂಗಸರ ಗುಂಪೊಂದು ಬಂದು ಸೇರಿತು.

“ಓಗ್ಬುಟ್ ಬರ್ಲಾ?” ಎಂದು ಹೆಂಡತಿಯನ್ನು ಕೇಳಿದ.

“ಓಗು. ನಾನೊಬ್ಳೇ ನಿಭಾಯಿಸ್ತೀನಿ” ಎಂದಳು ಅಂಬಿಕ, ಒಂದು ಕೈಯಲ್ಲಿ ಪುಸ್ತಕದ ಕಟ್ಟು ಹಿಡಿದು, ಇನ್ನೊಂದರಲ್ಲಿ ಬಂದವರಿಗೆ ಮೇಲಿನ ಅಟ್ಟಣೆಯ ಪುಸ್ತಕ ತೋರಿಸುತ್ತ.

ದೇವರಾಜ ಒಂದು ಗಳಿಗೆ ಬಾಗಿಲಲ್ಲಿ ನಿಂತ. ಆಮೇಲೆ ಅಂಗಿಯ ತೋಳು ಮಡಿಚಿಕೊಂಡು ಏಣಿ ಹತ್ತಿದ.