ಮೂರು ಕಿಲೋಮೀಟರು

ಗುಂಯ್ ಎಂದು ಶುರುವಾಗಿ, ಟಕ್ ಎಂದು ನಿಂತಿತು. ರಾತ್ರಿ ಒಂದೂವರೆ. ನಮ್ಮ ಕೋಣೆಯ ಕಿಟಕಿಯ ಕೆಳಗೇ ಕಾರು ನಿಲ್ಲಿಸುತ್ತೇವೆ, ಸದ್ದು ಅಲ್ಲಿಂದಲೇ. ಮೊಬೈಲಿನಲ್ಲಿ ಹೊತ್ತು ನೋಡುತ್ತ ಕೂತೆ. ಎರಡು ನಿಮಿಷಕ್ಕೊಮ್ಮೆ ಬರುತ್ತಿತ್ತು.

"ಎದ್ದೇಳ್ರೀ, ಕಾರು ಏನೋ ಸದ್ದು ಮಾಡ್ತಿದೆ."

"ನಿನಗೆ ಇರುವೆ ಕೆಮ್ಮಿದ್ರೂ ಕೇಳುತ್ತೆ. ಮಲಕ್ಕೋ," ಎಂದು ಗಂಡ ಮಗ್ಗುಲು ಬದಲಿಸಿದರು.

ನನಗೆ ನಿದ್ದೆ ಬರಲಿಲ್ಲ. ಆ ಕಾರನ್ನು ಹೊರಗೆ ತೆಗೆಯದೆ ಒಂದು ವಾರವಾಗಿತ್ತು. ಪೆಟ್ರೋಲೂ ಬ್ಯಾಟರಿಯೂ ಎರಡೂ ಇರುವ ಕಾರು. ಒಂಬತ್ತು ದಿನದ ಹಿಂದೆ ಸಂಜೆ ಮಾವ ಅದನ್ನು ನಮ್ಮದೇ ಗೇಟಿನ ಕಂಬಕ್ಕೆ ಗುದ್ದಿದ್ದರು. ಅರ್ಧ ನಿಮಿಷ ಮೊದಲು ನನ್ನ ಮಗಳು ಪುಟ್ಟಿ ಅದೇ ಕಂಬಕ್ಕೆ ಒರಗಿ ನಿಂತಿದ್ದಳು.

"ಬ್ರೇಕ್ ಒತ್ತಿದೆ, ಹಿಡೀಲಿಲ್ಲ," ಎಂದಿದ್ದರು ಮಾವ. ಯಾರೂ ನಂಬಲಿಲ್ಲ. ಮೂವತ್ತೊಂದು ವರ್ಷ ಬಸ್ ಓಡಿಸಿ ಒಂದು ಗೀರೂ ಮಾಡದ ಮನುಷ್ಯ ಅವರು, ಆದರೂ ವಯಸ್ಸಾಯಿತು ಎಂದುಕೊಂಡೆವು. "ಬಸ್ಸಿಗಾದ್ರೆ ಊರೇ ದಾರಿ ಬಿಡ್ತಿತ್ತು. ಪಾಪ, ಗೇಟಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?" ಎಂದು ಅತ್ತೆ ಕುಟುಕಿದರು. ಗಂಡ ಟಿಂಕರಿಂಗ್ ಅಂಗಡಿಗೆ ಕಾರು ಒಯ್ದು ಬಂಪರ್ ಸರಿಮಾಡಿಸಿ ತಂದು, ಕೀಲಿಯನ್ನು ತಮ್ಮ ಬೀರುವಿನಲ್ಲಿಟ್ಟುಕೊಂಡರು. ಸ್ಟೀರಿಂಗಿನ ಮುಂದೆ ಹಳದಿ ದೀಪವೊಂದು ಆರದೆ ಉರಿಯುತ್ತಿದೆ ಎಂದು ನಾನು ತೋರಿಸಿದರೆ, "ಆಮೇಲೆ ನೋಡೋಣ" ಎಂದರು. ಅವತ್ತಿನಿಂದ ಮಾವ ಮೆಟ್ಟಿಲಿಳಿಯುವಾಗಲೂ ಗೋಡೆ ಹಿಡಿಯತೊಡಗಿದ್ದರು.

ಬೆಳಿಗ್ಗೆ ಗಂಡನಿಂದ ಕೀಲಿ ಈಸಿಕೊಂಡು ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದೆ. ಅಳೆಯದೆ ಯಾವುದನ್ನೂ ನಂಬದವನಾದ್ದರಿಂದ ಎಲ್ಲರೂ ಅವನನ್ನು ಮೀಟರಣ್ಣ ಎನ್ನುತ್ತಾರೆ. ಸ್ಟೀರಿಂಗಿನ ಕೆಳಗೆ, ಕಾರಿನ ದೋಷ ಓದುವ ಸ್ಕ್ಯಾನರ್ ಸಿಕ್ಕಿಸಿ ನೋಡಿದ.

"ಬ್ರೇಕ್ ಒತ್ತಡದ ಸೆನ್ಸರ್ ಅನ್ನುತ್ತೆ ಅಕ್ಕ. ಇದೊಂದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತೆ. ಕೆಟ್ಟಿರೋದು ಸೆನ್ಸರ್ರೋ, ವೈರೋ, ಪ್ಲಗ್ಗೋ, ನಾವೇ ಹುಡುಕಬೇಕು."

ನಾನು ತಡೆಯಲಾರದೆ ಬಾಲ್ಕನಿಯತ್ತ ಕೂಗಿದೆ: "ಮಾವಾ! ಬ್ರೇಕಿಂದೇ ತೊಂದರೆಯಂತೆ!"

ಮಾವ ಇಳಿದು ಬಂದರು. ಗೋಡೆ ಹಿಡಿಯಲಿಲ್ಲ. ಹಿಂದೆಯೇ ಅತ್ತೆ. "ಕೇಳಿದೆಯಾ?" ಎಂದರು ಮಾವ ಅವರಿಗೆ. "ಕೇಳಿಸ್ತು. ಈಗ ಗೇಟಿನ ಹತ್ತಿರ ನಾನು ಕ್ಷಮೆ ಕೇಳ್ಬೇಕಾ?" ಎಂದರು ಅತ್ತೆ. ಆದರೂ ನಗುತ್ತಿದ್ದರು, ಮಾವನಿಗೆ ಕಾಫಿ ತರಲು ತಾವೇ ಒಳಗೆ ಹೋದರು. ಮಾವ ದೂರದ ಜಗಲಿಯ ಮೇಲೆ ಹೋಗಿ ಕೂತರು.

ಮೀಟರಣ್ಣ ಬಾನೆಟ್ಟಿನ ಒಳಗೆ ಬಗ್ಗಿದ. ಸೆನ್ಸರಿಗೆ ಹೋಗುವ ಕರೆಂಟು ಅಳೆದ, ಸರಿ ಇತ್ತು. ಅರ್ಥಿಂಗ್ ಸರಿ ಇತ್ತು. ನನ್ನನ್ನು ಸೀಟಿನಲ್ಲಿ ಕೂರಿಸಿ, ಬ್ರೇಕ್ ಮುಟ್ಟದೆ ಸ್ಕ್ಯಾನರಿನ ಅಂಕಿ ಓದಲು ಹೇಳಿದ. ಅವನು ವೈರು ಅಲುಗಿಸಿದರೆ ಅಂಕಿ ಒಮ್ಮೆಗೇ ಸೊನ್ನೆಗೆ ಬೀಳುತ್ತಿತ್ತು, ಬಿಟ್ಟರೆ ಏರುತ್ತಿತ್ತು.

"ಸಿಕ್ತು. ಸೆನ್ಸರ್ ಚೆನ್ನಾಗಿದೆ. ಪ್ಲಗ್ಗಿನ ಕೊಂಡಿ ಮುರಿದು, ಒಳಗೆ ನೀರು ಹೋಗಿ ದಿನೇ ದಿನೇ ಹಸಿರು ಕಿಲುಬು ಕಟ್ಟಿದೆ. ಒತ್ತಡ ಇದ್ರೂ ಇಲ್ಲ ಅಂತ ಸುಳ್ಳು ಹೇಳುತ್ತೆ. ಬ್ರೇಕಿಗೆ ಒತ್ತಡ ತುಂಬೋ ಪಂಪು ಪಾಪ ನಂಬಿ ರಾತ್ರಿಯೆಲ್ಲ ಓಡುತ್ತೆ. ನೀವು ಕೇಳಿದ್ದು ಅದನ್ನೇ."

ಹೊಸ ಪ್ಲಗ್ ಹಾಕುತ್ತ, "ಮೊದಲು ಯಾವಾಗ ಕೆಟ್ಟಿತು ಅಂತಾನೂ ಬರೆದಿಟ್ಟಿರುತ್ತೆ, ಓದಿ ಅಕ್ಕ," ಎಂದ. ಓದಿದೆ: ೪೧,೨೮೯ ಕಿಲೋಮೀಟರು.

"ಅದಕ್ಕೂ ಮೊದಲು?"

"ಒಂದೇ ಒಂದು ಸಲವೂ ತಪ್ಪಿಲ್ಲ. ಗಡಿಯಾರದ ಹಾಗೆ."

ಮಾವನಿಗೆ ಬಸ್ಸಿನ ಕಾಲದ ಒಂದು ಅಭ್ಯಾಸ ಉಳಿದಿದೆ. ಎಲ್ಲಿಗೆ ಹೋದರೂ ಹೊರಡುವಾಗಿನ, ತಲುಪಿದಾಗಿನ ಮೀಟರನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಅದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇರುತ್ತದೆ. ತೆಗೆದೆ. ಕಂಬಕ್ಕೆ ಗುದ್ದಿದ ಮೇಲೂ ಮರೆಯದೆ ಬರೆದಿದ್ದರು: "ಗೇಟು, ೪೧,೨೮೬."

ಟಿಂಕರಿಂಗ್ ಅಂಗಡಿ ನಮ್ಮ ಮನೆಯಿಂದ ಮೂರು ಕಿಲೋಮೀಟರು.

ಅಂದರೆ ಗುದ್ದಿದ ಮೇಲೆ, ಕಾರು ಅಂಗಡಿ ತಲುಪುವ ಹೊತ್ತಿಗೆ ಮೊದಲ ಸಲ ಕೆಟ್ಟಿದ್ದು. ಡಿಕ್ಕಿಯಿಂದ ಪ್ಲಗ್ಗು ಮುರಿದಿತ್ತು, ಪ್ಲಗ್ಗಿನಿಂದ ಡಿಕ್ಕಿಯಾಗಿರಲಿಲ್ಲ. ಆ ಸಂಜೆ ಬ್ರೇಕು ಸರಿಯಾಗಿಯೇ ಇತ್ತು. ಮಾವನ ಕಾಲು ಇದ್ದದ್ದು ಬೇರೆಲ್ಲೋ. ಪುಟ್ಟಿ ಒರಗಿದ್ದ ಕಂಬ ಕಣ್ಣ ಮುಂದೆಯೇ ಇತ್ತು, ಹೊಸ ಸಿಮೆಂಟಿಗೆ ಇನ್ನೂ ಸುಣ್ಣ ಬಳಿದಿರಲಿಲ್ಲ. ನಾನೇಕೆ ಅಷ್ಟು ಬೇಗ ಕೂಗಿದೆ?

ಮೀಟರಣ್ಣ ಸ್ಕ್ಯಾನರಿನಿಂದ ಕಾರಿನ ಆ ನೆನಪನ್ನು ಅಳಿಸಿದ. ಹಳದಿ ದೀಪ ಆರಿತು. ಅವನು ಹೋದ ಮೇಲೆ ಮಾವ ಹತ್ತಿರ ಬಂದು ಕೈ ಚಾಚಿದರು. ಪುಸ್ತಕ ಕೊಟ್ಟೆ.

"ಎಷ್ಟು ಕಿಲೋಮೀಟರಿಗೆ ಕೆಟ್ಟಿತ್ತಂತಮ್ಮ?"

ಬೇರೆ ಯಾರಿಗೂ ಈ ಪ್ರಶ್ನೆ ಹೊಳೆಯುತ್ತಿರಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.

"ನಲವತ್ತೊಂದು ಸಾವಿರದ ಇನ್ನೂರ ಎಂಬತ್ತೈದು," ಎಂದೆ, ಗೇಟಿನ ಅಂಕಿಗಿಂತ ಒಂದು ಕಡಿಮೆ ಮಾಡಿ.

ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಿಧಾನವಾಗಿ, ದುಂಡಗೆ ಬರೆದುಕೊಂಡರು.

ಸಂಜೆ ಗಂಡ ತಲೆ ತಗ್ಗಿಸಿ ಬೀರುವಿನಿಂದ ಕೀಲಿ ತಂದುಕೊಟ್ಟರು. "ತಪ್ಪಾಯ್ತಪ್ಪ." ಮಾವ ಅವರ ಬೆನ್ನು ತಟ್ಟಿ, ಕೀಲಿಯನ್ನು ತಂದು ನನ್ನ ಸ್ಕೂಟರಿನ ಕೀಲಿ ತೂಗುವ ಮೊಳೆಗೆ ಹಾಕಿದರು.

"ಇನ್ಮೇಲೆ ಪುಟ್ಟೀನ ಶಾಲೆಗೆ ನೀನೇ ಬಿಡಮ್ಮ. ಬೆಳಗಿನ ಬಿಸಿಲು ನನ್ನ ಕಣ್ಣಿಗೆ ಹೊಡೆಯುತ್ತೆ."

"ಬ್ರೇಕ್ ಸರಿಯಾಯ್ತಲ್ಲ ಮಾವ."

"ಬ್ರೇಕ್ ಸರಿಯಾಗೇ ಇದೆ," ಎಂದರು.

ಬೆಳಿಗ್ಗೆ ಶಾಲೆಗೆ ಹೋಗುವಾಗ ಬಿಸಿಲು ಬೀಳುವುದು ಬೆನ್ನಿಗೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಆ ರಾತ್ರಿ ಕಿಟಕಿಯ ಕೆಳಗೆ ಸದ್ದಿರಲಿಲ್ಲ. ಆದರೂ ಎರಡು ನಿಮಿಷ ಎಣಿಸಿದೆ, ಮತ್ತೆ ಎರಡು ನಿಮಿಷ. "ಇನ್ನೇನು ಕೇಳಿಸ್ತಿದೆ ನಿನಗೆ?" ಎಂದರು ಗಂಡ ಕತ್ತಲಲ್ಲಿ.

ಹೇಳಲು ಬಾಯಿ ತೆರೆದೆ. ಗೋಡೆಯಾಚೆ ಮಾವ ಕೆಮ್ಮಿದರು, ಅವರೂ ಎಚ್ಚರವಾಗಿದ್ದರು.

"ಏನಿಲ್ಲ," ಎಂದೆ. ಆ ಮೂರು ಕಿಲೋಮೀಟರಿನ ಮಾತನ್ನು ಇವರಿಗಾಗಲಿ, ಅತ್ತೆಗಾಗಲಿ, ಮಾವನಿಗೇ ಆಗಲಿ ಎಂದೂ ಹೇಳುವುದಿಲ್ಲ ಎಂದು ಆಗ ತೀರ್ಮಾನಿಸಿದೆ.